ಒಂಬತ್ತು ದಿನದ ಕೆಂಪು ವಸ್ತ್ರ

ಪಾದ್ರಿಮನೆ, ವೆಸ್ಟರ್‌ಕ್ಲಿಟ್ ದ್ವೀಪ
ಮಂಗಳವಾರ, ಏಪ್ರಿಲ್ ೪, ೧೯೧೧

ಪ್ರೀತಿಯ ಥೋರ್ವಾಲ್ ಅವರಿಗೆ,

ನಿಮ್ಮ ಚಿತ್ರದ ಸುದ್ದಿ ಹೊತ್ತ ಪತ್ರಿಕೆ ನಿನ್ನೆಯ ದೋಣಿಯಲ್ಲಿ ಬಂತು. ರೊಟ್ಟಿ ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಿಡಿಸಿ ಓದಿದೆ. ವಸಂತ ಪ್ರದರ್ಶನದಲ್ಲಿ ಒಂದು ಗೋಡೆಯನ್ನು ಪೂರ್ತಿ ನಿಮ್ಮ ಚಿತ್ರಕ್ಕೇ ಬಿಟ್ಟುಕೊಟ್ಟಿದ್ದಾರಂತೆ. ಕಿಟಕಿಯ ಬಳಿ ಕೂತು ಓದುವ ನಿಮ್ಮ ಆಗ್ನೆಟೆಯ ಮುಂದೆ ದೊಡ್ಡ ಮನೆತನದ ಹೆಂಗಸರು ಕರವಸ್ತ್ರ ಹಿಡಿದು ನಿಂತಿದ್ದರಂತೆ. ಮಗಳ ಮೇಲೆ ತಂದೆಗಿರುವ ಮಮತೆಯನ್ನು ಬಣ್ಣದಲ್ಲಿ ಹೀಗೆ ತೋರಿಸಿದವರು ನಮ್ಮ ದೇಶದಲ್ಲಿ ಇನ್ನೊಬ್ಬರಿಲ್ಲ ಎಂದು ಬರೆದಿದ್ದಾರೆ. ಶನಿವಾರದ ಔತಣದಲ್ಲಿ ನೀವು ಮಾಡಿದ ಭಾಷಣಕ್ಕೆ ಜನ ಮೇಜು ಬಡಿದು ನಕ್ಕರಂತೆ. ಎಲ್ಲವನ್ನೂ ನಮ್ಮ ಪಾದ್ರಿ ಅಣ್ಣನಿಗೆ ಓದಿ ಹೇಳಿದೆ. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವನಿಗೆ ಏನು ಓದಿದರೂ ಬೈಬಲ್ಲಿನ ಹಾಗೆಯೇ ಕೇಳಿಸುತ್ತದೆ. ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿ, ‘ಆಮೆನ್’ ಅಂದ. ನಿಮ್ಮ ಚಿತ್ರಕ್ಕೆ ಇಷ್ಟು ದೊಡ್ಡ ಮೆಚ್ಚುಗೆ ಆ ಪತ್ರಿಕೆಯವರಿಂದಲೂ ಸಿಕ್ಕಿರಲಾರದು.

ಆಗ್ನೆಟೆ ಹೇಗಿದ್ದಾಳೆ ಎಂದು ನೀವು ಮೊದಲು ಕೇಳುತ್ತೀರಿ. ಕೇಳಲೇಬೇಕು, ಹೆತ್ತವರು. ಅಲ್ಲಿಗೇ ಬರುತ್ತಿದ್ದೇನೆ. ಆದರೆ ಹಾಳೆ ಮಗುಚಿ ಕೊನೆಗೆ ಹಾರಬೇಡಿ. ನಮ್ಮಜ್ಜಿ ಕಥೆ ಹೇಳುವಾಗ ಯಾರಾದರೂ ‘ಕೊನೆಗೇನಾಯ್ತು’ ಎಂದು ನಡುವೆ ಬಾಯಿ ಹಾಕಿದರೆ ಆ ದಿನದ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ನೂಲಲು ಹೋಗಿಬಿಡುತ್ತಿದ್ದಳು. ನಾನು ನಿಲ್ಲಿಸುವುದಿಲ್ಲ. ಆದರೆ ಐದು ವಾರದಿಂದ ನಿಮಗೆ ಒಂದು ಸಾಲನ್ನೂ ಬರೆಯದವಳು ಬರೆಯಲು ಕೂತಿದ್ದೇನೆ. ನನ್ನ ದಾರಿಯಲ್ಲೇ ಬರುತ್ತೇನೆ, ನನ್ನ ಜೊತೆ ನಡೆಯಿರಿ.

ಐದು ವಾರ ಬರೆಯಬೇಡ ಎಂದವರು ನೀವೇ. ನಿಮ್ಮ ಆ ಪತ್ರ ಈಗಲೂ ನನ್ನ ಏಪ್ರನ್ನಿನ ಜೇಬಿನಲ್ಲಿದೆ, ಮಡಿಕೆಗಳಲ್ಲಿ ಹರಿಯುವಷ್ಟು ಓದಿದ್ದೇನೆ. ‘ನನ್ನ ಪ್ರೀತಿಯ ಸಿದ್ಸೆಲ್, ದೊಡ್ಡ ಚಿತ್ರ ಕೊನೆಯ ಹಂತಕ್ಕೆ ಬಂದಿದೆ. ಸಣ್ಣ ವಿಷಯಕ್ಕೂ ನನ್ನ ಕೈ ನಿಂತುಹೋಗುತ್ತದೆ ಎಂಬುದು ನಿನಗೆ ಗೊತ್ತು. ಉದ್ಘಾಟನೆಯ ಔತಣ ಮುಗಿಯುವವರೆಗೆ ಅಲ್ಲಿಂದ ಒಳ್ಳೆಯ ಸುದ್ದಿಯೂ ಬೇಡ, ಕೆಟ್ಟ ಸುದ್ದಿಯೂ ಬೇಡ, ಪತ್ರ ಬೇಡ, ತಂತಿ ಬೇಡ. ನೆಲಮಾಳಿಗೆ ಸೇಬನ್ನು ಕಾಪಾಡುವ ಹಾಗೆ ನೀನು ಸುದ್ದಿಯನ್ನು ಕಾಪಾಡಬಲ್ಲೆ. ಹಿಂದೆಯೂ ಕಾಪಾಡಿದ್ದೀಯೆ. ನಿನ್ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಅದನ್ನೇ.’ ಪಕ್ಕದಲ್ಲಿ ನಮ್ಮ ನೆಲಮಾಳಿಗೆಯ ಬಾಗಿಲಿನ ಚಿತ್ರ ಬರೆದಿದ್ದಿರಿ, ಚಿಲಕ ಹಾಕಿದ್ದು.

ನಿಮ್ಮ ಪತ್ರಗಳ ಅಂಚುಗಳನ್ನು ನೋಡುವುದೇ ನನಗೆ ಹಬ್ಬವಾಗಿತ್ತು. ಹನ್ನೊಂದು ವರ್ಷದಲ್ಲಿ ನೂರಾ ನಲವತ್ತು ಪತ್ರ. ಅಂಚಿನಲ್ಲಿ ನಮ್ಮ ಕೊಂಬು ಮುರಿದ ಹಸು, ಅಡುಗೆಮನೆಯ ಒಲೆ, ಅಣ್ಣನ ಚುಂಗಾಣಿ, ದಾರಕ್ಕೆ ಸಿಕ್ಕಿಸಿ ಒಣಹಾಕಿದ ಚಪ್ಪಟೆ ಮೀನು, ಮರಳುಗಾಳಿಗೆ ಮುಖವಾಡ ಕಟ್ಟಿಕೊಂಡು ಆಲೂಗಡ್ಡೆ ಅಗೆಯುವ ನಮ್ಮೂರ ಹೆಂಗಸರು. ಒಂದು ಸಲ ನನ್ನ ಮರದ ಮೆಟ್ಟುಗಳನ್ನೂ ಬರೆದಿದ್ದಿರಿ, ಬಾಗಿಲ ಬಳಿ ಬಿಟ್ಟದ್ದು. ಅದರೊಳಗೆ ಕಾಲಿರಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಮುಖವನ್ನು ನೀವು ಒಂದು ಸಲವೂ ಬರೆಯಲಿಲ್ಲ. ಜಗಳವಾಡುತ್ತಿಲ್ಲ, ಲೆಕ್ಕಕ್ಕಿರಲಿ ಎಂದು ಹೇಳಿದೆ.

ನಿಮ್ಮ ಹೆಂಡತಿ ತೀರಿಕೊಂಡ ವರ್ಷ ನಾನು ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದೆ. ಅಣ್ಣ ಯಾಕೆಂದು ಕೇಳಿದಾಗ ಗೋಡೆ ಮಾಸಿತ್ತು ಅಂದೆ. ಮರುವರ್ಷ ಸೆಪ್ಟೆಂಬರಿನಲ್ಲಿ ನಿಮ್ಮ ಪತ್ರ ಬಂತು: ಬರುತ್ತಿದ್ದೇವೆ, ಕೋಣೆ ಇದೆಯೇ ಎಂದು. ದೋಣಿಕಟ್ಟೆಗೆ ಹೊಸ ಲಂಗ ತೊಟ್ಟು ಬಂದಿದ್ದೆ. ನೀವು ಇಳಿದಿರಿ, ಕೈ ಕುಲುಕಿದಿರಿ, ಮಗುವಿನ ಕೈಯನ್ನು ನನ್ನ ಕೈಗೆ ಕೊಟ್ಟಿರಿ, ಅದೇ ದೋಣಿಯಲ್ಲಿ ವಾಪಸು ಹೋದಿರಿ. ಎದೆ ಸರಿಯಿಲ್ಲದ ಮಗುವಿಗೆ ಸಮುದ್ರದ ಗಾಳಿ ಒಳ್ಳೆಯದು, ಬೇಸಿಗೆಯವರೆಗೆ ಇರಲಿ ಎಂದಿರಿ. ದೋಣಿಯವನು ನನ್ನ ಲಂಗ ನೋಡಿ, ‘ಇದೇನು ಸಿದ್ಸೆಲ್ ಅಮ್ಮೋರೇ, ಇವತ್ತು ಭಾನುವಾರನಾ?’ ಎಂದು ಕೇಳಿದ. ಹೌದೆಂದೆ. ಅವತ್ತು ಬುಧವಾರ.

ಸುಣ್ಣ ಹೊಡೆಸಿದ ಕೋಣೆ ಮಗುವಿಗಾಯಿತು. ಮೊದಲ ವಾರ ಅವಳು ನನ್ನನ್ನು ‘ಪಾದ್ರಿಮನೆಯವರೇ’ ಎಂದು ಕರೆದಳು, ಎರಡನೇ ವಾರದಿಂದ ‘ಚಿಕ್ಕಮ್ಮ’. ಮಜ್ಜಿಗೆ ಅಂಬಲಿ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದವಳು ಕ್ರಿಸ್ಮಸ್ ಹೊತ್ತಿಗೆ ಎರಡನೇ ಬಟ್ಟಲು ಕೇಳುತ್ತಿದ್ದಳು. ಅಣ್ಣನ ಅರ್ಧ ಮಾತು ಊರಿನಲ್ಲಿ ಯಾರಿಗೂ ತಿಳಿಯದು, ಅವಳಿಗೆ ತಿಳಿಯುತ್ತಿತ್ತು. ಅವನು ‘ಕೊ’ ಅಂದರೆ ಕಾಫಿ, ‘ಕೋ’ ಅಂದರೆ ಕೋಪ ಬಂದಿದೆ ಎಂದು ನನಗೇ ಬಿಡಿಸಿ ಹೇಳುತ್ತಿದ್ದಳು. ಮತ್ತೆ, ನಿಮ್ಮ ಮಗಳಲ್ಲವೇ, ಕೈಯಲ್ಲಿ ಯಾವಾಗಲೂ ಪೆನ್ಸಿಲ್. ನಿಮ್ಮ ಹಳೆಯ ಸ್ಕೆಚ್ ಪುಸ್ತಕ ಒಂದನ್ನು ತನ್ನ ಪೆಟ್ಟಿಗೆಯಲ್ಲಿ ತಂದಿದ್ದಳು, ಹಸಿರು ಬಟ್ಟೆ ಹೊದಿಸಿದ್ದು. ಅಪ್ಪನ ಹಾಗೆ ಗೆರೆ ಎಳೆಯುವುದನ್ನು ಕಲಿಯಬೇಕೆಂದು ಅದನ್ನು ನೋಡಿ ನೋಡಿ ಬರೆಯುತ್ತಿದ್ದಳು. ಆ ಪುಸ್ತಕ ನಿಮ್ಮ ಕಪಾಟಿನಿಂದ ಹೋದದ್ದು ನಿಮಗೆ ಗೊತ್ತೇ ಆಗಲಿಲ್ಲ ಅನ್ನಿಸುತ್ತದೆ. ಗೊತ್ತಾಗಿದ್ದರೆ ಕೇಳುತ್ತಿದ್ದಿರಿ.

ಮಾರ್ಚ್ ಇಪ್ಪತ್ತರ ಸೋಮವಾರ ಅವಳಿಗೆ ಜ್ವರ ಬಂತು. ಮಂಗಳವಾರ ಉಸಿರು ಎಳೆಯುವಾಗ ಎದೆಯಲ್ಲಿ ಮರಳು ಜರಡಿ ಹಿಡಿದ ಹಾಗೆ ಸದ್ದು. ಬುಧವಾರ ಡಾಕ್ಟರರು ಆಚೆ ದಡದಿಂದ ದೋಣಿಯಲ್ಲಿ ಬಂದು ಎದೆಗೆ ಕಿವಿಯಿಟ್ಟು ಕೇಳಿ, ಎರಡೂ ಕಡೆ ಹಿಡಿದುಕೊಂಡಿದೆ ಎಂದರು. ಬಾಗಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತ, ತಂದೆಗೆ ಇವತ್ತೇ ತಂತಿ ಕೊಡಿ, ನಾಳೆಗೆ ಬಿಡಬೇಡಿ ಎಂದರು. ನಾನು ಜೇಬಿನಲ್ಲಿದ್ದ ನಿಮ್ಮ ಪತ್ರ ತೆಗೆದು ಮತ್ತೆ ಓದಿದೆ. ಕೆಟ್ಟ ಸುದ್ದಿಯೂ ಬೇಡ, ತಂತಿ ಬೇಡ. ಅಕ್ಷರಗಳು ಸ್ಪಷ್ಟವಾಗಿದ್ದವು.

ಗಂಡಸರೆಲ್ಲ ಸಮುದ್ರಕ್ಕೆ ಹೋಗಿರುವ ಊರು. ಅಣ್ಣನನ್ನೂ ಮಗುವನ್ನೂ ಒಬ್ಬಳೇ ನೋಡಿಕೊಳ್ಳಲಾರದೆ ಡೋರ್ಟೆಯನ್ನು ಕರೆಸಿದೆ.

ಡೋರ್ಟೆಯ ನೆನಪು ನಿಮಗಿದೆಯೋ? ಮುಖದ ನೆನಪಿರುತ್ತದೆ, ಅದು ನಿಮ್ಮದೇ ಕೈಕೆಲಸ. ಬಣ್ಣದಚ್ಚಿನಲ್ಲಿ ದೇಶದ ಅರ್ಧ ಮನೆಗಳ ಗೋಡೆಯ ಮೇಲೆ ಅವಳ ಮುಖ ನೇತಾಡುತ್ತಿದೆ. ಮರಳದಿಬ್ಬದ ಮೇಲೆ ನಿಂತು, ಕೆಂಪು ತಲೆವಸ್ತ್ರ ಕಟ್ಟಿ, ಮುಖವಾಡವನ್ನು ಕೈಯಲ್ಲಿ ಹಿಡಿದು, ಗಂಡನ ಹಡಗಿಗಾಗಿ ನಗುತ್ತ ಕಾಯುತ್ತಿರುವ ಹೆಂಗಸು. ನೀವು ನೀವಾದದ್ದು ಆ ಚಿತ್ರದಿಂದ. ಅವಳ ಬಗ್ಗೆ ಉಳಿದದ್ದನ್ನು ನೀವು ಮರೆತಿರಬಹುದು, ಆದ್ದರಿಂದ ಹೇಳುತ್ತೇನೆ.

೧೯೦೨ರ ಜೂನ್. ಅಣ್ಣ ಬಿಷಪ್ಪರ ಸಭೆಗೆ ರೀಬೆ ಪಟ್ಟಣಕ್ಕೆ ಹೋಗಿದ್ದ. ನೀವು ನಮ್ಮ ಮನೆಯಲ್ಲಿ ಇಳಿದುಕೊಂಡು ದಿನಾ ಬೆಳಿಗ್ಗೆ ಡೋರ್ಟೆಯನ್ನು ದಿಬ್ಬದ ಮೇಲೆ ನಿಲ್ಲಿಸುತ್ತಿದ್ದಿರಿ. ಊರ ಹೆಂಗಸರು ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ‘ಯೆಪ್ಪೆ ಬಂದರೆ ನಿನ್ನನ್ನ ಮನೆಗೆ ಸೇರಿಸಲ್ಲ ಕಣೇ, ಪಟದಲ್ಲಿರೋಳೇ ನನ್ನ ಹೆಂಡ್ತಿ, ಅವಳು ಬೈಯೋದಿಲ್ಲ ಅಂತಾನೆ’ ಎಂದು ಒಬ್ಬಳು ಅಂದದ್ದಕ್ಕೆ ಡೋರ್ಟೆ, ‘ಪಟಕ್ಕೆ ಸಾರು ಮಾಡೋಕೆ ಬರಲ್ಲ, ಮೂರು ದಿನಕ್ಕೆ ನನ್ನ ಹತ್ರಾನೇ ಬರ್ತಾನೆ’ ಅಂದಿದ್ದಳು. ಹೊಟ್ಟೆ ಹಿಡಿದು ನಕ್ಕಿದ್ದೆವು. ನೀವೂ ನಕ್ಕಿರಿ, ಆ ನಗುವನ್ನೇ ಅವಳ ಬಾಯಿಯ ಮೂಲೆಯಲ್ಲಿ ಹಿಡಿದಿಟ್ಟಿರಿ.

ಹತ್ತನೇ ತಾರೀಕು ಹಡಗಿನ ಮಾಲೀಕರ ಪತ್ರ ಪಾದ್ರಿಮನೆಗೆ ಬಂತು. ಫ್ರೇಯಾ ಎಂಬ ಹಡಗು ಮುಳುಗಿತು, ಡೋರ್ಟೆಯ ಗಂಡ ಯೆಪ್ಪೆಯೂ ಅದರ ಜೊತೆ ಹೋದ. ಪಾದ್ರಿ ಊರಲ್ಲಿ ಇಲ್ಲದಿದ್ದರೆ ಅಂಥ ಪತ್ರವನ್ನು ಆ ಕ್ಷಣವೇ ಚರ್ಚಿನ ಗಂಟೆ ಬಾರಿಸುವವನಿಗೆ ಕೊಡಬೇಕು. ಅವನು ಕಪ್ಪು ಕೋಟು ತೊಟ್ಟು ಬೀದಿಗೆ ಇಳಿಯುತ್ತಾನೆ. ಪ್ರತಿ ಕಿಟಕಿಯಲ್ಲೂ ಒಬ್ಬ ಹೆಂಗಸು ಉಸಿರು ಹಿಡಿದು, ತನ್ನ ಬಾಗಿಲು ದಾಟಿ ಹೋಗಲಪ್ಪಾ ಎಂದು ನಿಂತಿರುತ್ತಾಳೆ. ಅವನು ಯಾರ ಹೊಸ್ತಿಲು ತುಳಿಯುತ್ತಾನೋ ಆ ಮನೆಯವಳು ಅಲ್ಲೇ ಕೆಂಪು ಬಿಚ್ಚಿ ಕಪ್ಪು ಕಟ್ಟುತ್ತಾಳೆ. ಮತ್ತೆ ಸಾಯುವವರೆಗೆ ಕೆಂಪು ಕಟ್ಟುವುದಿಲ್ಲ. ಯಾಕೆಂದು ನಿಮಗೆ ನಾನೇ ಹೇಳಿದ್ದೆ. ಸುದ್ದಿ ದ್ವೀಪ ಮುಟ್ಟಿದ ಮೇಲೂ ಹೆಂಡತಿ ಕೆಂಪು ಕಟ್ಟಿದ್ದರೆ, ಮುಳುಗಿದವನು ತನ್ನನ್ನು ಇನ್ನೂ ಕಾಯುತ್ತಿದ್ದಾಳೆ ಎಂದುಕೊಂಡು ತಣ್ಣನೆಯ ನೀರಿನಲ್ಲಿ ಈಜುತ್ತಲೇ ಇರುತ್ತಾನೆ. ಅವಳು ಕಪ್ಪು ಕಟ್ಟಿದ ದಿನ ಕೈ ಬಿಟ್ಟು ಮಲಗುತ್ತಾನೆ. ನಮ್ಮಲ್ಲಿ ಇದನ್ನು ಕಥೆ ಎಂದು ಯಾರೂ ಹೇಳುವುದಿಲ್ಲ.

ನಾನು ಆ ಪತ್ರವನ್ನು ಗಂಟೆಯವನಿಗೆ ಕೊಡುವ ಮೊದಲು ಊಟದ ಮೇಜಿನ ಮೇಲೆ ನಿಮಗೆ ತೋರಿಸಿದೆ. ಯಾಕೆ ತೋರಿಸಿದೆನೋ. ನಿಮಗೆ ತೋರಿಸಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ನೀವು ಚಮಚ ಕೆಳಗಿಟ್ಟಿರಿ. ‘ನಾಳೆಯಿಂದ ಅವಳು ಕಪ್ಪು ಕಟ್ತಾಳೆ ಸಿದ್ಸೆಲ್. ಆ ಕೆಂಪು, ಆ ನಗು ನನಗೆ ಇನ್ನೆಲ್ಲೂ ಸಿಗಲ್ಲ. ಒಂದೇ ಒಂದು ವಾರ ಕೊಡು. ಸತ್ತವನಿಗೆ ವಾರ ಏನು, ವರ್ಷ ಏನು? ಅವಳಿಗೂ ಒಂದು ವಾರದ ಸುಖ ಹೆಚ್ಚಾಗುತ್ತೆ’ ಎಂದಿರಿ. ಹೇಳುತ್ತ ಮೇಜಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡಿರಿ. ನೀವು ನನ್ನ ಕೈ ಹಿಡಿದದ್ದು ಅದೇ ಮೊದಲು, ಅದೇ ಕೊನೆ. ನಾನು ಪತ್ರವನ್ನು ಸೇಬಿನ ಪೆಟ್ಟಿಗೆಯ ಕೆಳಗಿಟ್ಟೆ.

ಒಂದು ವಾರ ಒಂಬತ್ತು ದಿನವಾಯಿತು, ಎರಡು ದಿನ ಮೋಡವಿತ್ತಲ್ಲ. ನಾಲ್ಕನೆಯ ದಿನ ಗಿರಣಿಯವನ ಮಗಳ ಮದುವೆ. ಡೋರ್ಟೆ ಕೆಂಪು ಕಟ್ಟಿ ಬಂದಳು, ಎಲ್ಲರಿಗಿಂತ ಚೆನ್ನಾಗಿ ಕುಣಿದಳು. ನೀವು ಗೋಡೆಗೆ ಒರಗಿ ನಿಂತು ಅವಳನ್ನು ಬರೆದಿರಿ. ಹತ್ತೊಂಬತ್ತನೇ ತಾರೀಕು ನೀವು ಕುಂಚ ತೊಳೆದಿರಿ, ನಾನು ಪತ್ರವನ್ನು ಗಂಟೆಯವನಿಗೆ ಕೊಟ್ಟೆ. ಮೂರನೇ ತಾರೀಕು ಬರೆದ ಪತ್ರ ಇಷ್ಟು ತಡವಾಗಿ ಯಾಕೆ ಬಂತು ಎಂದು ಕಪ್ಪು ಕಟ್ಟಿಕೊಂಡ ಡೋರ್ಟೆ ಬಂದು ಕೇಳಿದಳು. ಗಾಳಿ ಹೆಚ್ಚಾಗಿ ದೋಣಿ ಬಂದಿರಲಿಲ್ಲ ಎಂದೆ. ನಂಬಿದಳು. ಪಾದ್ರಿಮನೆಯವರು ಸುಳ್ಳು ಹೇಳುತ್ತಾರೆಂದು ಈ ದ್ವೀಪದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಆ ಡೋರ್ಟೆಯೇ ಹದಿಮೂರು ದಿನದ ಹಿಂದೆ ನಿಮ್ಮ ಮಗಳ ಹಾಸಿಗೆಯ ಬಳಿ ಬಂದು ಕೂತಳು. ಮನೆಗೆ ಬರುವಾಗ ಒಂದು ಗಂಟು ತಂದಿದ್ದಳು. ಆಗ್ನೆಟೆ ಎಷ್ಟೋ ದಿನದಿಂದ ಪಟದಲ್ಲಿರುವ ಕೆಂಪು ವಸ್ತ್ರ ತೋರಿಸಿ ಎಂದು ಅವಳ ಬೆನ್ನು ಹತ್ತಿದ್ದಳು. ಒಂಬತ್ತು ವರ್ಷ ಪೆಟ್ಟಿಗೆಯ ತಳದಲ್ಲಿದ್ದದ್ದನ್ನು ತೆಗೆದು, ಕಾಯಿಲೆಯ ಮಗುವಲ್ಲವೇ, ಖುಷಿಯಾಗಲಿ ಎಂದು ತಂದಿದ್ದಳು. ಮಗುವಿನ ತಲೆಗೆ ಕಟ್ಟಿ, ಕನ್ನಡಿ ಹಿಡಿದು ತೋರಿಸಿದಳು. ಆ ಜ್ವರದಲ್ಲೂ ಆಗ್ನೆಟೆ ನಗುತ್ತ, ‘ಚಿಕ್ಕಮ್ಮ, ಈಗ ಅಪ್ಪ ನನ್ನ ಬರೀತಾರೆ ನೋಡು’ ಎಂದಳು.

ಗುರುವಾರ ಮಧ್ಯಾಹ್ನ ಮಗು ನಿದ್ದೆ ಹೋಗಿತ್ತು. ಡೋರ್ಟೆ ದಿಂಬಿನ ಪಕ್ಕದಲ್ಲಿದ್ದ ಹಸಿರು ಪುಸ್ತಕ ತೆಗೆದು ಹಾಳೆ ತಿರುವುತ್ತಿದ್ದಳು. ನಾನು ಬಿಸಿನೀರು ತಂದು ಒಳಗೆ ಬಂದಾಗ ಅವಳ ಬೆರಳು ಒಂದು ಕಡೆ ನಿಂತಿತ್ತು. ಬರೆದ ಪ್ರತಿ ಗೆರೆಯ ಕೆಳಗೂ ದಿನ, ಹೊತ್ತು, ಬೆಳಕು ಹೇಗಿತ್ತು ಎಂದು ನಮೂದಿಸುವುದು ನಿಮ್ಮ ಪದ್ಧತಿ. ಎಷ್ಟು ಅಚ್ಚುಕಟ್ಟಾದ ಅಕ್ಷರ ನಿಮ್ಮದು. ಹಾಳೆಯಲ್ಲಿ ಡೋರ್ಟೆ ನಗುತ್ತಿದ್ದಳು. ಕೆಳಗೆ ಹೀಗಿತ್ತು: ‘ಜೂನ್ ೧೧, ಬೆಳಿಗ್ಗೆ ಎಂಟು, ತಿಳಿಬಿಸಿಲು. ಗಂಡ ಸತ್ತ ಸುದ್ದಿ ನಿನ್ನೆ ಬಂದಿದೆ. ಅವಳಿಗೆ ಗೊತ್ತಿಲ್ಲ. ಚಿತ್ರ ಮುಗಿಯುವವರೆಗೆ ಸಿ. ಪತ್ರ ಇಟ್ಟುಕೊಳ್ಳುತ್ತಾಳೆ.’ ಅದರ ಮುಂದಿನ ಹಾಳೆಗಳಲ್ಲಿ ೧೨, ೧೩. ೧೪ರಲ್ಲಿ ಅವಳು ಕುಣಿಯುತ್ತಿದ್ದಳು.

ಡೋರ್ಟೆ ತಲೆ ಎತ್ತಲಿಲ್ಲ. ‘ಅಮ್ಮೋರೇ, ನಿಮಗೆ ಹತ್ತನೇ ತಾರೀಕೇ ಗೊತ್ತಿತ್ತಾ?’ ಎಂದಳು.

ಗೊತ್ತಿತ್ತು ಎಂದೆ.

‘ಮದುವೇಲಿ ನಾನು ಕುಣಿಯೋವಾಗ ನೀವು ಚಪ್ಪಾಳೆ ಹಾಕ್ತಿದ್ರಿ.’

ಹೌದು ಎಂದೆ.

‘ಒಂಬತ್ತು ದಿನ ಈಜಿದ್ದಾನೆ ಅವನು’ ಎಂದಳು. ನನಗಲ್ಲ, ಪುಸ್ತಕಕ್ಕೆ ಹೇಳಿದ ಹಾಗಿತ್ತು. ಅದನ್ನು ಮುಚ್ಚಿ ಮೊದಲಿದ್ದ ಕಡೆಯೇ ನೆಟ್ಟಗೆ ಇಟ್ಟಳು. ಆಮೇಲೆ ಕೈ ಚಾಚಿ, ‘ಆ ಬಟ್ಟೆ ಹಿಂಡಿ ಕೊಡಿ. ಮಗೂ ಹಣೆ ಸುಡ್ತಿದೆ’ ಎಂದಳು.

ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಆ ದಿನವೂ, ಮರುದಿನವೂ, ಅದರ ಮರುದಿನವೂ ನಿಮ್ಮ ಮಗಳ ಬೆನ್ನಿಗೆ ಎದೆ ಕೊಟ್ಟು ಒರಗಿಸಿಕೊಂಡು ಕೂತಿದ್ದಳು, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅವಳು ಇನ್ನೇನು ಹೇಳಿದಳು ಎಂದು ಕೇಳಬೇಡಿ. ಹೇಳುವುದಿಲ್ಲ.

ಶುಕ್ರವಾರ ಆಗ್ನೆಟೆಗೆ ಸ್ವಲ್ಪ ಮೇಲೆನಿಸಿತು. ಪೆನ್ಸಿಲ್ ಕೇಳಿದಳು. ಒರಗಿಕೊಂಡೇ ನನ್ನ ಮುಖ ಬರೆದಳು. ಒಂದು ಕಣ್ಣು ದೊಡ್ಡದು, ಒಂದು ಸಣ್ಣದು, ಗಲ್ಲ ಕೊಡಲಿಯ ಹಾಗೆ. ಆದರೂ ನೋಡಿದವರು ಇದು ಸಿದ್ಸೆಲ್ ಎಂದೇ ಹೇಳುತ್ತಾರೆ. ನಿಮ್ಮ ಹಾಗೆಯೇ ಕೆಳಗೆ ಬರೆದಳು: ‘ಮಾರ್ಚ್ ೨೪, ಮಧ್ಯಾಹ್ನ, ಮೋಡ. ಚಿಕ್ಕಮ್ಮ ಅಳ್ತಿಲ್ಲ ಅಂತ ಹೇಳ್ತಿದ್ದಾಳೆ.’

ಡೋರ್ಟೆ ಕೆಳಗೆ ಹೋಗಿದ್ದಾಗ, ಅಪ್ಪನನ್ನು ಕರೆಸಲೇ ಎಂದು ನಾನೇ ಅವಳನ್ನು ಕೇಳಿದೆ. ಕೇಳಬಾರದಿತ್ತು. ಅವಳು ಕರೆಸಿ ಎಂದು ಅಳಲಿ, ಆಗ ನನ್ನ ಕಾಲು ತಾನೇ ತಂತಿ ಕಚೇರಿಗೆ ನಡೆದೀತು ಎಂಬ ಆಸೆಯಿತ್ತೋ ಏನೋ. ಅವಳು ದೊಡ್ಡವರ ಹಾಗೆ ತಲೆಯಾಡಿಸಿದಳು. ‘ಚಿತ್ರ ಮುಗಿಯೋವರೆಗೂ ಅಪ್ಪನ್ನ ಕರೀಬಾರದು ಚಿಕ್ಕಮ್ಮ. ಅಮ್ಮನಿಗೆ ಕಾಯಿಲೆ ಆದಾಗಲೂ ಕರೀಲಿಲ್ಲ’ ಎಂದಳು. ಹತ್ತು ವರ್ಷದ ಮಗು. ನಿಮ್ಮ ಪದ್ಧತಿಗಳನ್ನೆಲ್ಲ ಚೆನ್ನಾಗಿ ಕಲಿತಿತ್ತು.

ಥೋರ್ವಾಲ್, ಇನ್ನು ನಿಮ್ಮನ್ನು ನಡೆಸುವುದಿಲ್ಲ. ಬಂದು ಮುಟ್ಟಿದೆವು. ಮಾರ್ಚ್ ಇಪ್ಪತ್ತಾರು, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ, ನೀರು ಇಳಿಯುವ ಹೊತ್ತಿಗೆ, ನಿಮ್ಮ ಆಗ್ನೆಟೆ ಡೋರ್ಟೆಯ ಎದೆಗೆ ಒರಗಿದ್ದ ಹಾಗೆಯೇ ಹೋದಳು. ಕೆಮ್ಮು ನಿಂತಿತು ಎಂದು ನಾನು ಸಮಾಧಾನಪಟ್ಟೆ. ಡೋರ್ಟೆ ನನ್ನ ಮುಖ ನೋಡಿದಾಗ ಗೊತ್ತಾಯಿತು.

ಬುಧವಾರ ಮಣ್ಣು ಮಾಡಿದೆವು. ಆಚೆ ದಡದಿಂದ ಬಂದ ಕಿರಿಯ ಪಾದ್ರಿ ತಂದೆಗೆ ತಿಳಿಸಿದ್ದೀರಾ ಎಂದು ಕೇಳಿದ. ಕೆಲಸ ಬಿಟ್ಟು ಬರುವ ಹಾಗಿಲ್ಲವಂತೆ ಎಂದೆ. ಅದು ಸುಳ್ಳಲ್ಲ. ಗಂಡಸರಿಲ್ಲದ್ದರಿಂದ ಆರು ಹೆಂಗಸರು ಹೊತ್ತರು. ಭಾರವೇನೂ ಇರಲಿಲ್ಲ. ಮುಚ್ಚಳ ಹಾಕುವ ಮೊದಲು ಡೋರ್ಟೆ ತನ್ನ ಕೆಂಪು ವಸ್ತ್ರವನ್ನು ಮಗುವಿನ ತಲೆಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದಳು. ನೀವು ದೇಶಕ್ಕೆಲ್ಲ ತೋರಿಸಿದ ಆ ಕೆಂಪು ಈಗ ನಮ್ಮ ಚರ್ಚಿನ ಉತ್ತರ ಗೋಡೆಯ ಬಳಿ ಮಣ್ಣಿನಲ್ಲಿದೆ. ಅಣ್ಣ ಈಗಲೂ ಬೆಳಿಗ್ಗೆ ಎದ್ದು ‘ಕೊ’ ಎನ್ನುತ್ತಾನೆ, ಬಾಗಿಲ ಕಡೆ ನೋಡುತ್ತಾನೆ. ಕಾಫಿ ಕೊಟ್ಟರೆ ಬೇಡವೆಂದು ತಳ್ಳುತ್ತಾನೆ. ಅವನ ಮಾತು ಬಿಡಿಸಿ ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ.

ಹಸಿರು ಪುಸ್ತಕವನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ನಿಮ್ಮದು. ಅವಳ ಬಟ್ಟೆ, ಪೆಟ್ಟಿಗೆ, ಬಾಚಣಿಗೆ ಮುಂದಿನ ದೋಣಿಗೆ ಬರುತ್ತವೆ. ಅವಳು ಕೊನೆಯದಾಗಿ ಬರೆದ ಚಿತ್ರವನ್ನು ಮಾತ್ರ ಕಳಿಸುವುದಿಲ್ಲ. ನೀವು ಕೇಳುತ್ತೀರಿ, ಬೇಡುತ್ತೀರಿ, ಆದರೂ ಕಳಿಸುವುದಿಲ್ಲ. ನಿಮ್ಮ ಹತ್ತಿರ ಅವಳ ಮುಖ ಒಂದು ಗೋಡೆಯಷ್ಟಿದೆ. ನನ್ನ ಮುಖ ಇರುವುದು ಇದೊಂದೇ.

ಔತಣ ಮುಗಿದು ಮೂರು ದಿನವಾದರೂ ಯಾಕೆ ತಡ ಎಂದು ಕೇಳುತ್ತೀರೇನೋ. ಔತಣದ ಮರುದಿನವೇ ನಿಮ್ಮ ಅಪ್ಪಣೆ ಮುಗಿದಿತ್ತು, ನಿಜ. ಆಮೇಲಿನ ಮೂರು ದಿನ ನಿಮ್ಮ ಅಪ್ಪಣೆಯವಲ್ಲ, ನನ್ನವು. ಅವಳು ಹೋದ ಭಾನುವಾರದಿಂದ ಇವತ್ತಿನವರೆಗೆ ಎಷ್ಟು ದಿನವಾಯಿತು ಎಂದು ಎಣಿಸಿ ನೋಡಿ. ಪತ್ರಿಕೆಯಲ್ಲಿ ಇನ್ನೊಂದು ಮಾತೂ ಇತ್ತು, ಅಣ್ಣನಿಗೆ ಅದನ್ನು ಓದಿ ಹೇಳಲಿಲ್ಲ. ಔತಣದ ದಿನ ನೀವು ಕೋಟಿಗೆ ಒಂದು ದೊಡ್ಡ ಕೆಂಪು ಹೂ ಸಿಕ್ಕಿಸಿದ್ದಿರಂತೆ, ಊಟವಾದ ಮೇಲೆ ಎಲ್ಲರಿಗಿಂತ ಮೊದಲು ಕುಣಿಯಲು ಎದ್ದವರು ನೀವೇ ಅಂತೆ. ಮಗು ಮಣ್ಣಿನಲ್ಲಿ ಮಲಗಿ ನಾಲ್ಕನೆಯ ದಿನಕ್ಕೆ ಬಿದ್ದಿತ್ತು. ನಿಮ್ಮ ಪಾಲಿಗೆ ಅವಳು ಇನ್ನೂ ಕಿಟಕಿಯ ಬಳಿ ಓದುತ್ತಿದ್ದಳು. ಅಷ್ಟು ದಿನದ ಸುಖ ನಿಮಗೂ ಹೆಚ್ಚಾಯಿತು. ಚೆನ್ನಾಗಿ ಕುಣಿದಿರಿ ಎಂದು ನಂಬುತ್ತೇನೆ.

ಎಂದೆಂದೂ ನಿಮ್ಮ ಮಾತು ಮೀರದ,
ಸಿದ್ಸೆಲ್

ಮರೆತ ಮಾತು: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿದ್ದೇನೆ. ಡೋರ್ಟೆ ಇನ್ನೇನು ಹೇಳಿದಳು ಎಂದು ಕೇಳಬೇಡಿ ಎಂದು ಮೇಲೆ ಬರೆದೆ. ಅದನ್ನು ಬಚ್ಚಿಟ್ಟರೆ ಸುದ್ದಿ ತಡೆದವಳು ಅವಳೇ ಎಂದು ನೀವು ಸಾಯುವವರೆಗೆ ಅವಳನ್ನು ಶಪಿಸುತ್ತೀರಿ. ಹಾಗಾಗಬಾರದು. ಗುರುವಾರ ಹಣೆಗೆ ಒದ್ದೆ ಬಟ್ಟೆ ಇಟ್ಟ ಮೇಲೆ ಅವಳು ಹೇಳಿದ್ದು ಇಷ್ಟು: ‘ಈ ಮಗೂ ಅಪ್ಪನಿಗೆ ಈಗಲೇ ತಂತಿ ಕೊಡಿ ಅಮ್ಮೋರೇ. ನನಗಾದದ್ದು ಅವರಿಗೂ ಆಗೋದು ಬೇಡ.’ ಆಗಲೇ ಕೊಟ್ಟಿದ್ದರೆ ಶನಿವಾರದ ದೋಣಿಗೆ ನೀವು ಇಲ್ಲಿರುತ್ತಿದ್ದಿರಿ, ಮಗುವಿಗೆ ಇನ್ನೂ ಎಚ್ಚರವಿತ್ತು. ನಾನು ಶಾಲು ಹೊದ್ದು ಹೊರಗೆ ಹೋದೆ. ತಂತಿ ಕಚೇರಿಯ ಮೆಟ್ಟಿಲವರೆಗೆ ಹೋಗಿ, ಗಾಳಿಗೆ ಸ್ವಲ್ಪ ಹೊತ್ತು ನಿಂತಿದ್ದು, ವಾಪಸು ಬಂದು, ಕೊಟ್ಟೆ ಎಂದೆ. ಮೂರು ದಿನ ಅವಳು ಮಗುವನ್ನು ಒರಗಿಸಿಕೊಂಡೇ ಪ್ರತಿ ದೋಣಿಯ ಕಹಳೆಗೂ ಕಿಟಕಿಯ ಕಡೆ ಕತ್ತು ತಿರುಗಿಸಿ ನಿಮಗಾಗಿ ಕಾದಳು. ಅವಳಿಗೆ ನಾನು ಹೇಳಿದ ಸುಳ್ಳುಗಳು ಎರಡೇ. ಎರಡೂ ನಿಮಗಾಗಿಯೇ.